ನೀರಿಗಿಳಿಯದ ರೇಡಿಯೊ

ಚೆನ್ನೈನ ಅಣ್ಣಾ ಸಾಲೈಯನ್ನು ಹಳಬರು ಇನ್ನೂ ಮೌಂಟ್ ರೋಡ್ ಎಂದೇ ಕರೆಯುತ್ತಾರೆ. ಅದರಿಂದ ಚಿಂತಾದ್ರಿಪೇಟೆಯ ಕಡೆಗೆ ಹೊರಳಿದರೆ ಸಿಗುವುದು ರಿಚಿ ಸ್ಟ್ರೀಟ್. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈನವರಿಗೆ ಇದು ಹಾಗೆ. ದೆಹಲಿಯ ನೆಹರೂ ಪ್ಲೇಸ್ ಬಿಟ್ಟರೆ ದೇಶದ ಅತಿ ದೊಡ್ಡ ಎಲೆಕ್ಟ್ರಾನಿಕ್ಸ್ ಪೇಟೆ ಇದೇ ಎಂದು ಹೇಳುವುದುಂಟು. ಇಲ್ಲಿ ಒಂಬತ್ತು ಗ್ರಾಂ ತೂಕದ ಸರ್ವೋ ಮೋಟಾರು, ಬ್ರಷ್ ಇಲ್ಲದ ಪುಟ್ಟ ಮೋಟಾರು, ಅದರ ವೇಗ ನಿಯಂತ್ರಕ, ಉಗುರಿನಗಲದ ಜೈರೊಸ್ಕೋಪ್ ಚಿಪ್ಪು ಎಲ್ಲವೂ ಸಿಗುತ್ತವೆ. 2.4 ಗಿಗಾಹರ್ಟ್ಸ್‌ನ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಕೂಡ. ಹಿಂದೆ ಶ್ರೀಮಂತರ ಮನೆಯ ಮಕ್ಕಳಿಗಷ್ಟೇ ದಕ್ಕುತ್ತಿದ್ದ ಸರಕು ಈಗ ಕಾಲೇಜು ಹುಡುಗರ ಕೈಗೆಟಕುವ ಬೆಲೆಯದ್ದು.

ಈ ಭಾಗಗಳನ್ನು ಜೋಡಿಸಿದರೆ ಒಂದು ಸಣ್ಣ ವಿಮಾನವೋ ಡ್ರೋನೋ ಎದ್ದು ಹಾರುತ್ತದೆ. ಇವೇ ಭಾಗಗಳನ್ನು ಒಂದು ಪಿವಿಸಿ ಕೊಳವೆಯೊಳಗಿಟ್ಟು, ಎರಡು ಕಡೆ ಮುಚ್ಚಳ ಬಿಗಿದು, ಹಿಂದೊಂದು ಪ್ರೊಪೆಲ್ಲರ್ ಸಿಕ್ಕಿಸಿ ನೀರಿಗೆ ಬಿಟ್ಟರೆ? ನೀರಿನ ಮೇಲೆ ಅದು ಹೇಳಿದ ಮಾತು ಕೇಳುತ್ತದೆ. ಮೂತಿ ತಗ್ಗಿಸಿ ಒಂದು ಗೇಣು ಆಳಕ್ಕೆ ಹೋಗುತ್ತಿದ್ದಂತೆ ಕಿವುಡಾಗುತ್ತದೆ. ದಡದಲ್ಲಿ ನಿಂತವರು ಕಡ್ಡಿಯನ್ನು ಎಷ್ಟು ಎಳೆದಾಡಿದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ.

ಅಂಗಡಿಯವನು ಮೋಸ ಮಾಡಿಲ್ಲ, ಸರಕೂ ಕಳಪೆಯಲ್ಲ. ಗಾಳಿಗೆಂದು ಮಾಡಿದ ವಸ್ತುವನ್ನು ನಾವು ನೀರಿಗೆ ತಂದಿದ್ದೇವೆ, ಅಷ್ಟೆ. ಅಗ್ಗದ ಎಲೆಕ್ಟ್ರಾನಿಕ್ಸ್ ಅಗ್ಗವಾಗುವುದು ಬಹುಮಂದಿಯ ಬಳಕೆಗಾಗಿ. ಆ ಬಹುಮಂದಿಯ ಗುಂಪಿಗೆ ಸೇರದವರು ಅದನ್ನು ಬಿಚ್ಚಿ, ಬದಲಿಸಿ, ತಮ್ಮ ಕೆಲಸಕ್ಕೆ ಒಗ್ಗಿಸಿಕೊಳ್ಳಬೇಕು. ರೇಡಿಯೊ ನಿಯಂತ್ರಿತ ಮಾದರಿ ಜಲಾಂತರ್ಗಾಮಿಗಳ ಚರಿತ್ರೆ ಎಂದರೆ ಹೆಚ್ಚುಕಡಿಮೆ ಈ ಒಗ್ಗಿಸುವಿಕೆಯ ಚರಿತ್ರೆಯೇ. ಚೆನ್ನೈ ಎಂಬ ಒಂದೇ ಊರಿನ ಸುತ್ತಮುತ್ತ ಅದರ ಬಹುತೇಕ ಅಧ್ಯಾಯಗಳನ್ನು ಓದಬಹುದು.

ಒಂದು ಗೇಣು ನೀರಿನ ಲೆಕ್ಕ

ಮೊದಲು ಆ ಕಿವುಡುತನದ ಕಾರಣ ನೋಡೋಣ. ರೇಡಿಯೊ ಅಲೆ ನೀರಿನೊಳಗೆ ಎರಡು ರೀತಿಯಲ್ಲಿ ಸೊರಗುತ್ತದೆ. ಒಂದು, ನೀರಿನಲ್ಲಿ ಕರಗಿರುವ ಉಪ್ಪುಗಳಿಂದಾಗಿ ನೀರು ವಿದ್ಯುತ್ತನ್ನು ಹರಿಸುತ್ತದೆ, ಅಲೆಯ ಶಕ್ತಿ ಆ ಹರಿವಿನಲ್ಲಿ ಸೋರಿಹೋಗುತ್ತದೆ. ಎರಡು, ನೀರಿನ ಅಣುಗಳೇ ಅಲೆಯ ಏರಿಳಿತಕ್ಕೆ ತಕ್ಕಂತೆ ಹೊರಳಾಡುತ್ತ ಶಕ್ತಿಯನ್ನು ಹೀರಿ ಬಿಸಿಯಾಗುತ್ತವೆ. ಎರಡನೆಯದು ಆವರ್ತನ ಏರಿದಂತೆಲ್ಲ ಜೋರಾಗುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದು ಹೀಗೆಯೇ, ಅದರ ಆವರ್ತನ 2.45 ಗಿಗಾಹರ್ಟ್ಸ್. ನಮ್ಮ ಆಟಿಕೆ ರೇಡಿಯೊ, ವೈಫೈ, ಬ್ಲೂಟೂತ್ ಎಲ್ಲವೂ ಅದೇ ಬೀದಿಯಲ್ಲಿವೆ.

ಶುದ್ಧ ನೀರಿನಲ್ಲಿಯೂ 2.4 ಗಿಗಾಹರ್ಟ್ಸ್ ಅಲೆಯ ಶಕ್ತಿ ಪ್ರತಿ 4 ಸೆಂಟಿಮೀಟರಿಗೆ ಸುಮಾರು ಏಳನೇ ಒಂದು ಪಾಲಿಗೆ ಇಳಿಯುತ್ತದೆ. 20 ಸೆಂಟಿಮೀಟರ್ ಆಳದಲ್ಲಿ ಉಳಿಯುವುದು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. 40 ಸೆಂಟಿಮೀಟರ್ ಆಳದಲ್ಲಿ ಹತ್ತಾರು ಕೋಟಿಯಲ್ಲಿ ಒಂದು ಪಾಲು. ಹಳೆಯ ಆಟಿಕೆ ಕಾರುಗಳ 27 ಮೆಗಾಹರ್ಟ್ಸ್ ತೆಗೆದುಕೊಳ್ಳಿ. ಒಳ್ಳೆಯ ಕೆರೆಯ ಸಿಹಿನೀರಿನಲ್ಲಿ ಒಂದು ಮೀಟರ್ ಕೆಳಗಿಳಿದರೂ ಅದರ ಎಂಟನೇ ಒಂದು ಪಾಲಿನಷ್ಟು ಉಳಿದಿರುತ್ತದೆ. ಅಂದರೆ ಹೊಸದು ಗೇಣಿನಾಳದಲ್ಲಿ ಸೋಲುವಲ್ಲಿ ಹಳೆಯದು ಆಳುದ್ದದ ನೀರಿನಲ್ಲೂ ಮಾತು ಮುಟ್ಟಿಸುತ್ತದೆ.

ಆದರೆ ನೀರು ಯಾವುದು ಎನ್ನುವುದೂ ಮುಖ್ಯ. ಕಡಲಂಚಿನ ಚೆನ್ನೈಯಲ್ಲಿ ಇದು ಪುಸ್ತಕದ ಮಾತಲ್ಲ. ಊರಿನ ಉತ್ತರಕ್ಕಿರುವ ಮೀಂಜೂರಿನ ಕಡೆ ಅಂತರ್ಜಲವನ್ನು ಅತಿಯಾಗಿ ಎತ್ತಿದ್ದರಿಂದ ಸಮುದ್ರದ ನೀರು ನೆಲದೊಳಗೆ ನುಗ್ಗಿದ ಕಥೆ ದಶಕಗಳಷ್ಟು ಹಳೆಯದು. ಅಂಥ ಸವಳು ಬೋರ್‌ವೆಲ್ ನೀರನ್ನು ತೊಟ್ಟಿಗೆ ತುಂಬಿದರೆ 27 ಮೆಗಾಹರ್ಟ್ಸ್‌ಗೂ ಕಷ್ಟ. ಮೀಟರ್ ಆಳದಲ್ಲಿ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಇನ್ನು ಮರೀನಾ ಎದುರಿನ ಸಮುದ್ರದಲ್ಲಾದರೆ ಪ್ರತಿ 5 ಸೆಂಟಿಮೀಟರಿಗೆ ಏಳನೇ ಒಂದು ಪಾಲು. ಸಿಹಿನೀರಿನಲ್ಲಿ ಹೊಸ ರೇಡಿಯೊ ಪಡುವ ಪಾಡನ್ನೇ ಉಪ್ಪುನೀರಿನಲ್ಲಿ ಹಳೆಯದೂ ಪಡುತ್ತದೆ. ಮಾದರಿ ಜಲಾಂತರ್ಗಾಮಿ ಈಜುಕೊಳದ, ಕೆರೆಯ ಆಟವಾಗಿಯೇ ಉಳಿದದ್ದಕ್ಕೆ ಕಾರಣ ಇದು.

ರೇಡಿಯೊ ಹವ್ಯಾಸವಾಗಿದ್ದ ಕಾಲ

ದೂರದಿಂದ ದೋಣಿ ನಡೆಸುವ ಆಸೆ ರೇಡಿಯೊದಷ್ಟೇ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದು ತೊಟ್ಟಿಯಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿಯನ್ನು ಓಡಿಸಿ ತೋರಿಸಿದ. ಆ ವರ್ಷವೇ ಅದಕ್ಕೆ ಪೇಟೆಂಟ್ ಪಡೆದ. ಆಗ ಪ್ರಸಾರವೆಂಬ ರೇಡಿಯೊ ಇನ್ನೂ ಹುಟ್ಟಿರಲಿಲ್ಲ.

ಮದ್ರಾಸಿಗೆ ರೇಡಿಯೊ ಬಂದದ್ದು ಸರ್ಕಾರದಿಂದಲ್ಲ, ಹವ್ಯಾಸಿಗಳಿಂದ. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳತ್ವದಲ್ಲಿ 1924ರ ಮೇ 16ರಂದು ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಹುಟ್ಟಿತು. ಅದೇ ವರ್ಷದ ಜುಲೈ 31ರಂದು ಪ್ರಸಾರ ಶುರುವಾಯಿತು. ಹಣವಿಲ್ಲದೆ 1927ರಲ್ಲಿ ಕ್ಲಬ್ ಮುಚ್ಚಿತು, ಟ್ರಾನ್ಸ್‌ಮಿಟರ್ ನಗರಪಾಲಿಕೆಯ ಪಾಲಾಯಿತು, 1930ರಲ್ಲಿ ಪಾಲಿಕೆಯೇ ಪ್ರಸಾರ ಮುಂದುವರಿಸಿತು. ನಮ್ಮ ಮೈಸೂರಿನ ಕಥೆಯೂ ಹೀಗೆಯೇ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ 30 ವಾಟ್‌ನ ಟ್ರಾನ್ಸ್‌ಮಿಟರ್‌ನಲ್ಲಿ 'ಆಕಾಶವಾಣಿ'ಯನ್ನು ಹೊರಡಿಸಿದರು. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ನಿಂತಿತು.

ಆ ತಲೆಮಾರಿನಲ್ಲಿ ರೇಡಿಯೊ ಇಟ್ಟುಕೊಳ್ಳುವುದು ಎಂದರೆ ಅದರ ಒಳಗನ್ನು ತಿಳಿಯುವುದು ಎಂದರ್ಥ. ಸುರುಳಿ ಸುತ್ತುವುದು, ಹರಳು ಹುಡುಕುವುದು, ಏರಿಯಲ್ ಎಳೆಯುವುದು ಎಲ್ಲ ಮನೆಯ ಕೆಲಸ. ಜೊತೆಗೆ ಸರ್ಕಾರದ ಕಣ್ಣೂ ಇತ್ತು. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧ. ದೂರನಿಯಂತ್ರಣದ ಆಟಿಕೆಗಳು ನಮ್ಮಲ್ಲಿ ತಡವಾಗಿ, ತೊಡಕಿನಿಂದ ಬಂದದ್ದಕ್ಕೆ ಆಮದು ನಿರ್ಬಂಧದಷ್ಟೇ ಈ ಪರವಾನಗಿಯ ಭಯವೂ ಕಾರಣ.

ಸ್ವಾತಂತ್ರ್ಯದ ನಂತರ ಭಾಗಗಳು ಎರಡು ದಾರಿಯಿಂದ ಸಿಗತೊಡಗಿದವು. ಒಂದು ದೇಶದೊಳಗಿನದು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್ 1962ರ ಹೊತ್ತಿಗೆ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸುತ್ತಿತ್ತು. ಸೇನೆಗೆಂದು ಹುಟ್ಟಿದ ಕಾರ್ಖಾನೆಯ ಸರಕು ರೇಡಿಯೊ ರಿಪೇರಿ ಅಂಗಡಿಗಳವರೆಗೂ ಇಳಿದುಬಂತು. ಇನ್ನೊಂದು ದಾರಿ ಬಂದರಿನದು. 1969ರಲ್ಲಿ ಬರ್ಮಾದಿಂದ ಮರಳಿಬಂದವರ ಬದುಕಿಗಾಗಿ ಮದ್ರಾಸಿನ ಬೀಚ್ ಸ್ಟೇಷನ್ ಹತ್ತಿರ ಬರ್ಮಾ ಬಜಾರ್ ಎದ್ದಿತು. ವಿದೇಶಿ ಕ್ಯಾಸೆಟ್ ಪ್ಲೇಯರು, ಕ್ಯಾಲ್ಕುಲೇಟರು ಅಲ್ಲಿನ ಸರಕು. ಹೊಸದು ಬರ್ಮಾ ಬಜಾರಿನಲ್ಲಿ, ಅದರ ಬಿಡಿಭಾಗ ರಿಚಿ ಸ್ಟ್ರೀಟಿನಲ್ಲಿ.

ಎರಡು ಆವರ್ತನಗಳು, ಒಂದು ಸಮ್ಮೇಳನ

ಆಟಿಕೆಗಳಿಗೆ 27 ಮೆಗಾಹರ್ಟ್ಸ್ ಬಂದದ್ದು ಹೇಗೆ? 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತಾರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು ಕಾರ್ಖಾನೆಗಳ ಬಿಸಿಯಂತ್ರ, ಆಸ್ಪತ್ರೆಗಳ ಡಯಾಥರ್ಮಿ ಯಂತ್ರ ಮುಂತಾದ ಗದ್ದಲ ಮಾಡುವ ಉಪಕರಣಗಳಿಗೆಂದು ಕೆಲವು ಆವರ್ತನಗಳನ್ನು ಬದಿಗಿಟ್ಟಿತು. ಹಾಗೆ ಬದಿಗಿಟ್ಟವುಗಳಲ್ಲಿ 27.12 ಮೆಗಾಹರ್ಟ್ಸ್ ಒಂದು, 2.45 ಗಿಗಾಹರ್ಟ್ಸ್ ಇನ್ನೊಂದು. ಗದ್ದಲದ ಜಾಗವಾದ್ದರಿಂದ ಗಂಭೀರ ಸಂಪರ್ಕಕ್ಕೆ ಅದು ಬೇಡವಾಗಿತ್ತು. ಬೇಡವಾದ ಜಾಗದಲ್ಲಿ ಆಟಿಕೆಗಳು ಬಂದು ಕೂತವು. ಊರಿನ ಗೋಮಾಳದಲ್ಲಿ ಮಕ್ಕಳು ಆಡಿದ ಹಾಗೆ. ಇಂದು ಭಾರತದಲ್ಲಿಯೂ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಕ್ಕೆ ಪರವಾನಗಿ ಬೇಕಿಲ್ಲ.

27 ಮೆಗಾಹರ್ಟ್ಸ್‌ಗೆ ತೊಂದರೆಗಳಿದ್ದವು. ಅದರ ಅಲೆಯುದ್ದ 11 ಮೀಟರ್, ಆದ್ದರಿಂದ ಉದ್ದನೆಯ ಏರಿಯಲ್ ಬೇಕು. ಪ್ರತಿ ಜೋಡಿಗೂ ತನ್ನದೇ ಕ್ವಾರ್ಟ್ಜ್ ಹರಳು ಬೇಕು. ಒಂದೇ ಮೈದಾನದಲ್ಲಿ ಇಬ್ಬರು ಒಂದೇ ಹರಳು ಹಾಕಿಕೊಂಡು ಬಂದರೆ ಒಬ್ಬನ ವಿಮಾನ ನೆಲಕ್ಕೆ ಬಡಿಯುತ್ತದೆ. 2005ರ ಸುಮಾರಿಗೆ ಸ್ಪೆಕ್ಟ್ರಂ ಮುಂತಾದ ಕಂಪನಿಗಳು 2.4 ಗಿಗಾಹರ್ಟ್ಸ್ ರೇಡಿಯೊಗಳನ್ನು ತಂದಾಗ ಈ ತೊಂದರೆಗಳೆಲ್ಲ ಒಟ್ಟಿಗೇ ತೀರಿದವು. ಏರಿಯಲ್ ಬೆರಳುದ್ದಕ್ಕಿಳಿಯಿತು. ರಿಸೀವರು ತನ್ನ ಟ್ರಾನ್ಸ್‌ಮಿಟರನ್ನು ಗುರುತಿಟ್ಟುಕೊಂಡು ಬೇರೆಯವರ ಮಾತು ಕೇಳಿಸಿಕೊಳ್ಳದಂತಾಯಿತು. ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಮುಕ್ತಗೊಳಿಸಿದ್ದೂ 2005ರಲ್ಲೇ. ಕೆಲವೇ ವರ್ಷಗಳಲ್ಲಿ ಹಾರುವವರು, ಕಾರು ಓಡಿಸುವವರು, ದೋಣಿ ಬಿಡುವವರು ಎಲ್ಲರೂ ಹೊಸದಕ್ಕೆ ಹೊರಳಿದರು. ಕೊಳ್ಳುವವರಿಲ್ಲದೆ ಹಳೆಯ ರೇಡಿಯೊಗಳ ತಯಾರಿಕೆ ಬಡಕಲಾಯಿತು.

ಈ ಸಂತೋಷದಲ್ಲಿ ಪಾಲಿಲ್ಲದೆ ಉಳಿದವರು ಮಾದರಿ ಜಲಾಂತರ್ಗಾಮಿಯವರು. ಬ್ರಿಟನ್ನಿನಲ್ಲಿ 40 ಮೆಗಾಹರ್ಟ್ಸ್, ಅಮೆರಿಕದಲ್ಲಿ 75 ಮೆಗಾಹರ್ಟ್ಸ್ ಅವರ ಆಸರೆಯಾಗಿತ್ತು. ಮಾರುಕಟ್ಟೆ ಅವರನ್ನು ದ್ವೇಷಿಸಲಿಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅಷ್ಟೆ. ಅಂದಿನಿಂದ ಬಳಸಿದ ಹಳೆಯ ಸೆಟ್ಟುಗಳನ್ನು ಹುಡುಕಿ ಕೊಳ್ಳುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಅವರ ಹವ್ಯಾಸದ ಭಾಗವಾಯಿತು.

ಬದಲಾಗದೆ ಉಳಿದ ಭಾಷೆ

ಹಳೆಯ ರೇಡಿಯೊಗೆ ಹೊಸ ಮೋಟಾರು ಹೊಂದುತ್ತದೆಯೇ? ಹೊಂದುತ್ತದೆ. ರಿಸೀವರು ಸರ್ವೋಗೆ ಹೇಳುವ ಮಾತು ಬಹಳ ಸರಳ. ಸೆಕೆಂಡಿಗೆ ಸುಮಾರು 50 ಬಾರಿ ಒಂದು ವಿದ್ಯುತ್ ಮಿಡಿತ. ಅದರ ಉದ್ದ 1 ಮಿಲಿಸೆಕೆಂಡಾದರೆ ಒಂದು ತುದಿ, 2 ಮಿಲಿಸೆಕೆಂಡಾದರೆ ಇನ್ನೊಂದು ತುದಿ, ಒಂದೂವರೆಯಾದರೆ ನಡು. ದಶಕಗಳ ಹಿಂದೆ ರೂಢಿಯಾದ ಈ ಭಾಷೆಯನ್ನು ಇವತ್ತಿನ ಒಂಬತ್ತು ಗ್ರಾಂ ಸರ್ವೋ ಕೂಡ ಅರ್ಥಮಾಡಿಕೊಳ್ಳುತ್ತದೆ. ಹಾಗಾಗಿ ಮೂವತ್ತು ವರ್ಷ ಹಳೆಯ ರಿಸೀವರಿಗೂ ಹೋದ ವಾರ ಕೊಂಡ ವೇಗ ನಿಯಂತ್ರಕಕ್ಕೂ ಮದುವೆ ಮಾಡಿಸಬಹುದು. ಅಗ್ಗದ ಭಾಗಗಳನ್ನು ಒಗ್ಗಿಸುವ ಇಡೀ ಕಲೆ ನಿಂತಿರುವುದು ಯಾರ ಸ್ವತ್ತೂ ಅಲ್ಲದ ಈ ಸರಳ ಒಪ್ಪಂದದ ಮೇಲೆ.

ಇನ್ನುಳಿದ ಭಾಗಗಳಲ್ಲಿ ಕೆಲವು ನೀರಿಗೆ ತಾವಾಗಿಯೇ ಒಗ್ಗುತ್ತವೆ, ಕೆಲವಕ್ಕೆ ಕಲಿಸಬೇಕು. ಬ್ರಷ್ ಇಲ್ಲದ ವಿಮಾನದ ಮೋಟಾರು ಒಗ್ಗುವ ಜಾತಿಯದು. ಅದರ ತಂತಿಗಳ ಮೇಲೆ ಎನಾಮಲ್ ಲೇಪವಿರುತ್ತದೆ, ಒಳಗೆ ಕಿಡಿ ಹಾರಿಸುವ ಬ್ರಷ್ಷುಗಳಿಲ್ಲ. ನೀರಿನೊಳಗೆ ಬಯಲಲ್ಲೇ ತಿರುಗಬಲ್ಲದು. ಆಗ ಮೋಟಾರಿನ ದಂಡವನ್ನು ಗೋಡೆ ತೂರಿಸಿ ಹೊರಗೆ ತರುವ, ಸುತ್ತಲೂ ನೀರು ಸೋರದಂತೆ ಬಿಗಿಯುವ ರಗಳೆಯೇ ಇಲ್ಲ. ಉಪ್ಪುನೀರಾದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಅಷ್ಟು ಎಚ್ಚರ ಸಾಕು.

ವೇಗ ನಿಯಂತ್ರಕಕ್ಕೆ ಕಲಿಸಬೇಕು. ವಿಮಾನ ಹಿಂದಕ್ಕೆ ಹಾರುವುದಿಲ್ಲವಾದ್ದರಿಂದ ವಿಮಾನದ ನಿಯಂತ್ರಕಕ್ಕೆ ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಜಲಾಂತರ್ಗಾಮಿಗೆ ಅದು ಬೇಕೇ ಬೇಕು. ಕಾರಿನ ನಿಯಂತ್ರಕ ಹಾಕಬೇಕು, ಇಲ್ಲವೇ ಅದರೊಳಗಿನ ತಂತ್ರಾಂಶ ಬದಲಿಸಬೇಕು. ವಿಮಾನದ ರೆಕ್ಕೆ ಸಮಮಾಡುವ ಜೈರೊ ಫಲಕವನ್ನು ಹಿಂಬದಿಯ ಮಟ್ಟ ರೆಕ್ಕೆಗಳಿಗೆ ಜೋಡಿಸಿದರೆ ಮೂತಿ ಮೇಲೆ ಕೆಳಗೆ ಹೋಗದಂತೆ ಕಾಯುತ್ತದೆ. ಆದರೆ ಗಾಳಿಯ ಚುರುಕಿಗೆ ಹೊಂದಿಸಿದ ಅದರ ಅವಸರ ನೀರಿನ ನಿಧಾನಕ್ಕೆ ಸಲ್ಲುವುದಿಲ್ಲ. ತಿದ್ದಿ, ಮತ್ತೆ ಅತಿಯಾಗಿ ತಿದ್ದಿ, ದೋಣಿ ಡಾಲ್ಫಿನ್ನಿನಂತೆ ಏಳುತ್ತ ಬೀಳುತ್ತ ಹೋಗುತ್ತದೆ. ಅದರ ತೀವ್ರತೆಯನ್ನು ತಗ್ಗಿಸಿ ತಾಳ್ಮೆ ಕಲಿಸಬೇಕು.

ಮುಳುಗಿಸುವುದಕ್ಕೆ ಎರಡು ಉಪಾಯ. ಒಂದರಲ್ಲಿ ದೋಣಿಯನ್ನು ನೀರಿಗಿಂತ ತುಸು ಹಗುರವಾಗಿಯೇ ಇಟ್ಟು, ವೇಗದಿಂದ, ರೆಕ್ಕೆಗಳ ಓರೆಯಿಂದ ಕೆಳಕ್ಕೆ ತಳ್ಳುವುದು. ಮೋಟಾರು ನಿಂತರೆ ತಾನೇ ಮೇಲೆ ಬರುತ್ತದೆ. ಇನ್ನೊಂದರಲ್ಲಿ ನಿಜವಾದ ಜಲಾಂತರ್ಗಾಮಿಯಂತೆ ನೀರು ತುಂಬಿಕೊಂಡು ಇಳಿಯುವುದು, ಹೊರಹಾಕಿ ಏರುವುದು. ಔಷಧಿ ಅಂಗಡಿಯ 60 ಮಿಲಿಲೀಟರ್ ಸಿರಿಂಜಿನ ಹಿಡಿಯನ್ನು ಒಂದು ಮೋಟಾರು ಎಳೆದರೆ 60 ಗ್ರಾಂ ತೂಕ ಹೆಚ್ಚುತ್ತದೆ. ಮೂರು ಕಿಲೊ ತೂಗುವ ದೋಣಿಗೆ ಅದು ನೂರಕ್ಕೆ ಎರಡು ಪಾಲು. ಸರಿಯಾಗಿ ತೂಕ ಹೊಂದಿಸಿದ್ದರೆ ಅಷ್ಟೇ ಸಾಕು. ಒತ್ತಡವನ್ನೂ ಮರೆಯುವಂತಿಲ್ಲ. ಒಂದೇ ಮೀಟರ್ ಆಳದಲ್ಲಿ 10 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಸುಮಾರು 8 ಕಿಲೊ ಭಾರ ಕೂತಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ಮಾತು ಕೇಳಿಸದಾಗ ಏನು ಮಾಡಬೇಕೆಂದು ದೋಣಿಗೆ ಮೊದಲೇ ಹೇಳಿಕೊಟ್ಟಿರಬೇಕು. ಹಳೆಯ ರಿಸೀವರುಗಳು ಸಂಕೇತ ತಪ್ಪಿದಾಗ ಸುಮ್ಮನಿರದೆ ಗದ್ದಲವನ್ನೇ ಆಜ್ಞೆಯೆಂದುಕೊಂಡು ಸರ್ವೋವನ್ನು ಕುಣಿಸುತ್ತವೆ. ಹಾಗಾಗಿ ನಡುವೆ ಒಂದು ಆರ್ಡುಯಿನೊದಂಥ ಪುಟ್ಟ ಗಣಕ ಕೂರಿಸುತ್ತಾರೆ. ಮಿಡಿತಗಳು ಕೆಲವು ಸೆಕೆಂಡು ತಪ್ಪಿದರೆ, ಇಲ್ಲವೇ ಅಡ್ಡಾದಿಡ್ಡಿಯಾದರೆ, ಅದು ಸಿರಿಂಜನ್ನು ಖಾಲಿಮಾಡಿ ದೋಣಿಯನ್ನು ಮೇಲೆ ತರುತ್ತದೆ. ವಿಮಾನದಲ್ಲಿ ಸಂಪರ್ಕ ಕಡಿಯುವುದು ಅಪಘಾತ. ಜಲಾಂತರ್ಗಾಮಿಯಲ್ಲಿ ಅದು ದಿನದ ಸಂಗತಿ.

ದೊಡ್ಡವರಿಗೂ ಇದೇ ಪಾಡು

ಇದು ಹುಡುಗರ ಆಟದ ಸಮಸ್ಯೆ ಮಾತ್ರ ಎಂದುಕೊಂಡರೆ ತಪ್ಪು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆ ಮುಳುಗಿರುವ ತನ್ನ ಜಲಾಂತರ್ಗಾಮಿಗಳಿಗೆ ಸುದ್ದಿ ಮುಟ್ಟಿಸಲು 1943ರಲ್ಲಿ ಕಾಲ್ಬೆ ಎಂಬಲ್ಲಿ 'ಗೋಲಿಯಾತ್' ಎಂಬ 1000 ಕಿಲೊವಾಟ್‌ನ ಕೇಂದ್ರ ಕಟ್ಟಿತು. ಅದರ ಆವರ್ತನ ಕಿಲೊಹರ್ಟ್ಸ್‌ಗಳಲ್ಲಿ, ಆಟಿಕೆ ರೇಡಿಯೊಗಿಂತ ಸಾವಿರ ಪಟ್ಟು ಕೆಳಗೆ. ಭಾರತೀಯ ನೌಕಾಪಡೆ ಅಂಥದ್ದನ್ನು ಕಟ್ಟಿದ್ದು ತಮಿಳುನಾಡಿನಲ್ಲೇ, ಚೆನ್ನೈಯಿಂದ ದಕ್ಷಿಣಕ್ಕೆ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ. 1990ರ ಅಕ್ಟೋಬರ್ 20ರಂದು ಸೇವೆಗೆ ಸೇರಿದ ಆ ನೆಲೆಯ ಹೆಸರು ಐಎನ್‌ಎಸ್ ಕಟ್ಟಬೊಮ್ಮನ್. 18 ಕಿಲೊಹರ್ಟ್ಸ್ ಸುಮಾರಿನ ಅಲೆ ಸಮುದ್ರದ ನೀರಿನಲ್ಲಿ ಏಳನೇ ಒಂದು ಪಾಲಿಗೆ ಇಳಿಯಲು ಸುಮಾರು 2 ಮೀಟರ್ ಹಿಡಿಯುತ್ತದೆ. ಹಾಗಾಗಿ ಹತ್ತು ಹದಿನೈದು ಮೀಟರ್ ಆಳಕ್ಕೂ ಸುದ್ದಿ ಇಳಿಯಬಲ್ಲದು. ಬೆಲೆಯೂ ಇದೆ. ಬೆಟ್ಟದಂಥ ಏರಿಯಲ್, ಭಾರಿ ವಿದ್ಯುತ್, ಆದರೂ ಮಾತು ತಂತಿ ಸಂದೇಶದಷ್ಟು ನಿಧಾನ, ಅದೂ ಒಂದೇ ದಿಕ್ಕಿಗೆ. ಮುಳುಗಿರುವ ಹಡಗು ಕೇಳಿಸಿಕೊಳ್ಳಬಹುದು, ಉತ್ತರಿಸಲಾರದು. ಹಳೆಯ ಸೆಟ್ಟು ಹುಡುಕುವ ಹವ್ಯಾಸಿ ಮಾಡುತ್ತಿರುವುದೂ ಇದನ್ನೇ. ಹೆಚ್ಚು ಆಳ ಬೇಕಾದರೆ ಕೆಳಗಿನ ಆವರ್ತನಕ್ಕೆ ಹೋಗಬೇಕು.

ಎರಡನೇ ದಾರಿ ತಂತಿ. 1993ರಲ್ಲಿ ಐಐಟಿ ಮದ್ರಾಸಿನ ಆವರಣದಲ್ಲಿ ಶುರುವಾಗಿ ಮುಂದೆ ಪಳ್ಳಿಕ್ಕರಣೈಗೆ ಹೋದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಒಟಿ, ರಷ್ಯದ ಸಂಸ್ಥೆಯೊಂದರ ಜೊತೆಗೂಡಿ 'ರೋಸಬ್ 6000' ಎಂಬ ದೂರನಿಯಂತ್ರಿತ ವಾಹನವನ್ನು ರೂಪಿಸಿತು. 2010ರಲ್ಲಿ ಅದು ಮಧ್ಯ ಹಿಂದೂ ಮಹಾಸಾಗರದಲ್ಲಿ 5289 ಮೀಟರ್ ಆಳಕ್ಕೆ ಇಳಿಯಿತು. ಮೇಲಿನ ಹಡಗಿನೊಂದಿಗೆ ಅದು ಮಾತಾಡಿದ್ದು ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್ಲಿನ ಮೂಲಕ. 2015ರಲ್ಲಿ ಐಐಟಿ ಮದ್ರಾಸಿನಿಂದ ಹುಟ್ಟಿದ ಪ್ಲಾನಿಸ್ ಟೆಕ್ನಾಲಜೀಸ್ ಅಣೆಕಟ್ಟು, ಸೇತುವೆಗಳ ನೀರೊಳಗಿನ ಭಾಗವನ್ನು ಪರೀಕ್ಷಿಸಲು ಇಳಿಸುವ ವಾಹನಗಳಿಗೂ ಕೇಬಲ್ಲಿದೆ. ಹವ್ಯಾಸಿಯ ರೂಪಾಂತರ ಇನ್ನೂ ಸುಲಭ. ರಿಸೀವರನ್ನು ಒಂದು ಥರ್ಮೋಕೋಲ್ ತೇಲುಗಟ್ಟಿಯ ಮೇಲಿಟ್ಟು ಅಲ್ಲಿಂದ ದೋಣಿಗೆ ತೆಳ್ಳಗಿನ ತಂತಿ ಇಳಿಬಿಡುವುದು. ಆಗ ಹೊಸ 2.4 ಗಿಗಾಹರ್ಟ್ಸ್ ರೇಡಿಯೊ ಕೂಡ ಸಾಕು. ನೋಡುವುದಕ್ಕೆ ಗಾಳದ ಬೆಂಡಿನಂತಿರುತ್ತದೆ, ಕಟ್ಟಾ ಹವ್ಯಾಸಿಗಳು ಮೂಗು ಮುರಿಯುತ್ತಾರೆ, ಕೆಲಸ ಮಾತ್ರ ಆಗುತ್ತದೆ.

ಮೂರನೇ ದಾರಿ ಶಬ್ದ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಬಹುದೂರ ಹೋಗುತ್ತದೆ. ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಲೆಂದು ಎನ್‌ಐಒಟಿ ಕಟ್ಟುತ್ತಿರುವ 'ಮತ್ಸ್ಯ 6000' ಮೇಲಿನ ಹಡಗಿನೊಂದಿಗೆ ಮಾತಾಡಬೇಕಾದದ್ದು ಹೀಗೆ. ಅಷ್ಟು ಆಳದಿಂದ ಒಂದು ಮಾತು ಮೇಲೆ ಬರಲು 4 ಸೆಕೆಂಡು, ಉತ್ತರ ಇಳಿಯಲು ಇನ್ನೊಂದು 4. 2025ರ ಜನವರಿ ಮತ್ತು ಫೆಬ್ರವರಿಯಲ್ಲಿ ಚೆನ್ನೈ ಹತ್ತಿರದ ಕಾಟ್ಟುಪಳ್ಳಿ ಬಂದರಿನಲ್ಲಿ ಅದನ್ನು ನೀರಿಗಿಳಿಸಿ ಪರೀಕ್ಷಿಸಿದರು. ಬಂದರಿನ ಆಳ ಕಡಿಮೆಯಾದ್ದರಿಂದ ನೀರೊಳಗಿನ ಮಾತಿನ ಸಂಪರ್ಕ ಅಷ್ಟಾಗಿ ಫಲಿಸಲಿಲ್ಲ ಎಂದು ಆಗ ಸರ್ಕಾರವೇ ಹೇಳಿತು. ಆಳ ಕಡಿಮೆಯಿದ್ದಲ್ಲಿ ಶಬ್ದ ತಳಕ್ಕೂ ಮೇಲ್ಮೈಗೂ ಬಡಿದು ಪ್ರತಿಧ್ವನಿಗಳು ಒಂದರ ಮೇಲೊಂದು ಬೀಳುತ್ತವೆ. ಆಳ ಸಮುದ್ರಕ್ಕೆಂದು ಮಾಡಿದ್ದು ಬಂದರಿನಲ್ಲಿ ತೊದಲುವುದಾದರೆ, ಈಜುಕೊಳದ ನಾಲ್ಕು ಗೋಡೆಗಳ ನಡುವೆ ಹವ್ಯಾಸಿಯ ಪಾಡನ್ನು ಊಹಿಸಿಕೊಳ್ಳಬಹುದು.

ಮಾತೇ ಬೇಡವೆಂಬ ದಾರಿ

ನಾಲ್ಕನೆಯದು, ಮಾತಾಡುವುದನ್ನೇ ಬಿಟ್ಟು ದೋಣಿಗೆ ಬುದ್ಧಿ ಕೊಡುವುದು. 2010ರ ದಶಕದಲ್ಲಿ ಎನ್‌ಐಒಟಿ 'ಸೇವ್' ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳಿಗಾಗಿ ಸ್ವಯಂಚಾಲಿತ ನೀರೊಳಗಿನ ವಾಹನಗಳ ಸ್ಪರ್ಧೆ ನಡೆಸತೊಡಗಿತು. ದೇಶದ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ತಾವೇ ಕಟ್ಟಿದ ಯಂತ್ರಗಳನ್ನು ಹೊತ್ತು ಚೆನ್ನೈಗೆ ಬಂದರು. ಐಐಟಿ ಬಾಂಬೆಯ ತಂಡದ ಯಂತ್ರದ ಹೆಸರೂ 'ಮತ್ಸ್ಯ'ವೇ. ಅದು ಅಮೆರಿಕದ ಸ್ಯಾನ್ ಡಿಯಾಗೋದ ರೋಬೋಸಬ್ ಸ್ಪರ್ಧೆಯವರೆಗೂ ಹೋಯಿತು. ಇಂಥ ಸ್ಪರ್ಧೆಯಲ್ಲಿ ಯಂತ್ರ ಒಮ್ಮೆ ಮುಳುಗಿದ ಮೇಲೆ ದಡದಿಂದ ಆಜ್ಞೆ ಕೊಡುವಂತಿಲ್ಲ. ಅದೇ ನೋಡಿ, ಅದೇ ನಿರ್ಧರಿಸಬೇಕು.

ಇದು ವಿದ್ಯಾರ್ಥಿಗಳ ಕೈಗೆಟುಕಿದ್ದೂ ಅಗ್ಗದ ಎಲೆಕ್ಟ್ರಾನಿಕ್ಸಿನಿಂದಲೇ. ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾದಲ್ಲಿ, ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆಂದು. ಓರೆ, ತಿರುವುಗಳನ್ನು ಅಳೆಯುವ ಚಿಪ್ಪು ಅಗ್ಗವಾದದ್ದು ಮೊಬೈಲ್ ಫೋನುಗಳಿಂದ. ಹವ್ಯಾಸಿ ಡ್ರೋನುಗಳಿಗೆ ಬರೆದಿದ್ದ ಕಾಪ್ಟರ್ ಕೋಡನ್ನು ತಿದ್ದಿ ಮುಂದೆ 'ಆರ್ಡುಸಬ್' ಮಾಡಿದರು. ಎಲ್ಲರೂ ಓದಬಹುದಾದ, ತಿದ್ದಬಹುದಾದ ಕೋಡಾಗಿದ್ದರಿಂದ ಅದು ಸಾಧ್ಯವಾಯಿತು. ಗಾಳಿಯಲ್ಲಿ ತೂಗಿ ನಿಲ್ಲುವುದಕ್ಕೂ ನೀರಿನಲ್ಲಿ ತೂಗಿ ನಿಲ್ಲುವುದಕ್ಕೂ ಲೆಕ್ಕ ಅಷ್ಟೇನೂ ಬೇರೆಯಲ್ಲ. ಆಳವನ್ನು ಎತ್ತರದ ಹಾಗೆಯೇ ಒತ್ತಡದಿಂದ ಅಳೆಯಬಹುದು.

ಹೊಸ ಅಗ್ಗದ ಸರಕೂ ಹೀಗೆ ಒಮ್ಮೊಮ್ಮೆ ಕೈಹಿಡಿಯುತ್ತದೆ. ನೀರಿನ ಮೀಟರು, ಹೊಲದ ತೇವಮಾಪಕಗಳಿಗೆಂದು ಬಂದ ಲೋರಾ ರೇಡಿಯೊ ಬಹಳ ಕ್ಷೀಣ ಸಂಕೇತವನ್ನೂ ಹೆಕ್ಕಿಕೊಳ್ಳಬಲ್ಲದು. ಭಾರತದಲ್ಲಿ ಪರವಾನಗಿಮುಕ್ತವಾದ 865ರಿಂದ 867 ಮೆಗಾಹರ್ಟ್ಸ್‌ನ ಅಲೆ ಸಿಹಿನೀರಿನ ಒಂದು ಮೀಟರ್ ಆಳದಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟಾಗುತ್ತದೆ. ಲೋರಾಗೆ ಅದು ಸಾಲಬಹುದು. ಚುರುಕಿಲ್ಲ, ಆದರೆ 'ಮೇಲೆ ಬಾ' ಎಂಬ ಒಂದು ಮಾತು ಮುಟ್ಟಿಸಲು ಚುರುಕೇಕೆ?

ಕಳೆದುಹೋಗುತ್ತಿರುವುದು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆತಂಕ ಉಳಿಯುತ್ತದೆ. ಆಟಿಕೆ ಜಲಾಂತರ್ಗಾಮಿ ಮುಳುಗಿದರೆ ಲೋಕ ಮುಳುಗುವುದಿಲ್ಲ, ನಿಜ. ಆದರೆ ಅದನ್ನು ತೇಲಿಸುತ್ತಿದ್ದ ಎರಡು ಅನುಕೂಲಗಳು ಸದ್ದಿಲ್ಲದೆ ಕಡಿಮೆಯಾಗುತ್ತಿವೆ. ಒಂದು, ಹಳೆಯ ಸೆಟ್ಟುಗಳು. 27 ಮೆಗಾಹರ್ಟ್ಸ್ ರೇಡಿಯೊ ಗುಜರಿಗೆ ಬಂದರೆ ಅದರ ಬೆಲೆ ಒಳಗಿರುವ ತಾಮ್ರದಷ್ಟು. ಹರಳುಗಳನ್ನು ಗುಡಿಸಿ ಹಾಕುತ್ತಾರೆ. ಒಬ್ಬರಿಗೆ ಕಸವಾದದ್ದು ಇನ್ನೊಬ್ಬರಿಗೆ ಸಿಗಲೇಬೇಕಾದ ಏಕೈಕ ಉಪಕರಣ ಎಂದು ಗುಜರಿಯ ತಕ್ಕಡಿಗೆ ತಿಳಿಯದು.

ಇನ್ನೊಂದು ಹೆಚ್ಚು ದೊಡ್ಡದು. ಅಗ್ಗದ ಉಪಕರಣಗಳು ದಿನೇ ದಿನೇ ಮುಚ್ಚಿಕೊಳ್ಳುತ್ತಿವೆ. ಟ್ರಾನ್ಸ್‌ಮಿಟರಿನಿಂದ ಮೋಟಾರಿನವರೆಗೆ ಎಲ್ಲವೂ ಒಂದೇ ಫಲಕದಲ್ಲಿ, ಒಂದೇ ಕಂಪನಿಯ ಗುಪ್ತ ಭಾಷೆಯಲ್ಲಿ. ನಡುವೆ ಕೈಹಾಕಿ ಮಿಡಿತವನ್ನು ಕೇಳಿಸಿಕೊಳ್ಳಲು ಜಾಗವಿಲ್ಲ. ಹಾರಿಸಲಷ್ಟೇ ಕೊಂಡವರಿಗೆ ಇದರಿಂದ ನಷ್ಟವಿಲ್ಲ, ಬೆಲೆಯೂ ಇಳಿಯುತ್ತದೆ. ಆದರೆ ಅದನ್ನು ಬೇರೆ ಕೆಲಸಕ್ಕೆ ತಿರುಗಿಸುವವರ ಬಾಗಿಲು ಮುಚ್ಚುತ್ತದೆ. ಇಂದು ಎನ್‌ಐಒಟಿಯ ಪ್ರಯೋಗಾಲಯದಲ್ಲೋ ಬಂದರಿನ ಪರೀಕ್ಷೆಯಲ್ಲೋ ಬೇಕಾಗಿರುವ ಬುದ್ಧಿ ಈ ತಿರುಗಿಸುವವರದ್ದೇ. ಗಾಳಿಗೆ ಮಾಡಿದ್ದು ನೀರಿನಲ್ಲಿ ಎಲ್ಲಿ ಸೋಲುತ್ತದೆ, ಸೋತಾಗ ಯಾವ ತಂತಿ ಬಿಚ್ಚಬೇಕು ಎಂದು ಬಲ್ಲ ಬುದ್ಧಿ. ಅದು ಪಠ್ಯಪುಸ್ತಕದಿಂದ ಬರುವುದಕ್ಕಿಂತ ಹೆಚ್ಚಾಗಿ ಇಂಥ ಒಂದು ಕೊಳವೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕಿವುಡಾದ ಅದನ್ನು ಕೈಹಾಕಿ ಎತ್ತಿ ತಂದು ಬರುತ್ತದೆ.

ತೊಟ್ಟಿಗೆ ನೀರೂ ಬೇಕು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಒಣಗಿ ಟ್ಯಾಂಕರುಗಳ ಹಿಂದೆ ಜನ ಓಡಿದ ಊರಿದು. ಅಲ್ಲಿ ಆಟಕ್ಕೆಂದು ಸಾವಿರ ಲೀಟರ್ ತುಂಬುವುದು ಸಣ್ಣ ಸಂಗತಿಯಲ್ಲ. ಕಾಲೇಜುಗಳ, ನಗರಪಾಲಿಕೆಗಳ ಈಜುಕೊಳಗಳು ವಾರಕ್ಕೊಂದು ಸಂಜೆ ಇಂಥವರಿಗೆ ತೆರೆದರೆ ಹೊಸ ನೀರು ಬೇಕಿಲ್ಲ. ಬೆಂಗಳೂರು, ಮೈಸೂರು, ಮಂಗಳೂರುಗಳಿಗೂ ಈ ಮಾತು ಸಲ್ಲುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಉದ್ದನೆಯ ಏರಿಯಲ್ಲಿನ ಹಳೆಯ ಆಟಿಕೆ ಕಾರಿನ ರಿಮೋಟ್ ಇದ್ದರೆ ಅದರ ಬೆನ್ನು ನೋಡಿ. 27 ಎಂದು ಬರೆದಿದ್ದರೆ ಗುಜರಿಗೆ ಹಾಕಬೇಡಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಕೊಡಿ, ಜೊತೆಗೆ ಒಂದು ಸ್ಕ್ರೂಡ್ರೈವರನ್ನೂ.